ಕಾಕಾರ ಅಂಗಡಿಗೆ ಒಂದು ಎಸ್‌ಎಸ್‌ಡಿ: ಆರು ಸಾವಿರದೊಳಗಿನ ಲೆಕ್ಕ

ಕೊಪ್ಪಳದ ತಹಸೀಲ್ದಾರ್ ಕಚೇರಿಯಿಂದ ಕೂಗಳತೆಯ ದೂರದಲ್ಲಿ ನಮ್ಮ ಕಾಕಾರ ಅಂಗಡಿ ಇದೆ. ಹತ್ತು ಅಡಿ ಅಗಲ, ಮೇಲೆ ತಗಡು. ಒಳಗೆ ಒಂದು ಝೆರಾಕ್ಸ್ ಮಷೀನು, ಎರಡು ಪ್ರಿಂಟರು, ಎರಡು ಕಂಪ್ಯೂಟರು. ಬೆಳಿಗ್ಗೆ ಪಹಣಿ, ಜಾತಿ-ಆದಾಯದ ಅರ್ಜಿ, ಬಾಂಡ್ ಪೇಪರ್ ಟೈಪಿಂಗು. ಮಧ್ಯಾಹ್ನದ ಮೇಲೆ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಪಾಸ್‌ಪೋರ್ಟ್ ಫೋಟೊ. ಇಲ್ಲಿ ಹೇಳುತ್ತಿರುವುದು ಆ ಎರಡು ಕಂಪ್ಯೂಟರುಗಳಲ್ಲಿ ದೊಡ್ಡದರ ಕಥೆ. ಅಂಗಡಿಯ ದುಡಿಮೆಯಲ್ಲಿ ಮುಕ್ಕಾಲು ಪಾಲು ಅದರದೇ.

ನಾನು ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಹಾಗಾಗಿ ನಮ್ಮ ಬಳಗದಲ್ಲಿ ಯಾರ ಕಂಪ್ಯೂಟರ್ ಕೆಟ್ಟರೂ ಫೋನ್ ಬರುವುದು ನನಗೇ. 2024ರ ಮಾರ್ಚ್ ಮೂರನೇ ವಾರ ಕಾಕಾರ ಫೋನು ಬಂತು.

"ತಮ್ಮಾ, ಮಷೀನು ಏಳವಲ್ದು. ಚಾ ಕುಡದು ಬಂದ್ರೂ ಇನ್ನಾ ಗರಗರ ತಿರಗಾಕತ್ತೈತಿ. ಇಲ್ಲಿ ಜನ ಪಾಳಿ ಹಚ್ಚ್ಯಾರ."

ಸಂಜೆ ಹೋಗಿ ನೋಡಿದೆ. ನಾಲ್ಕನೇ ತಲೆಮಾರಿನ ಐ3, ಎಚ್81 ಚಿಪ್‌ಸೆಟ್ಟಿನ ಮದರ್‌ಬೋರ್ಡು, 4 ಜಿಬಿ ರ್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಸ್ವಿಚ್ ಒತ್ತಿದ ಮೇಲೆ ಕೆಲಸಕ್ಕೆ ಸಿದ್ಧವಾಗಲು ನಾಲ್ಕು ನಿಮಿಷ ಹತ್ತು ಸೆಕೆಂಡು. ಕಾರ್ಡು ವಿನ್ಯಾಸ ಮಾಡುವ ಕೋರೆಲ್ ಡ್ರಾ ತೆರೆಯಲು ಇನ್ನೊಂದೂವರೆ ನಿಮಿಷ. ಹಿಂದಿನ ಆರು ತಿಂಗಳಲ್ಲಿ ಒಬ್ಬ ರಿಪೇರಿಯವನು ಎರಡು ಸಲ "ವೈರಸ್ ಐತ್ರಿ" ಅಂದು ಫಾರ್ಮ್ಯಾಟ್ ಮಾಡಿ ಐನೂರು ಐನೂರು ಒಯ್ದಿದ್ದ. ಎರಡು ವಾರ ಚುರುಕಾಗಿ ಓಡಿ ಮತ್ತೆ ಅದೇ ಹಾಡು.

ರೋಗ ಯಾವುದು

ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ನೂರಕ್ಕೆ ನೂರು. ಆದರೆ ಓದು-ಬರಹದ ವೇಗ ಸೆಕೆಂಡಿಗೆ ಒಂದು ಎಂಬಿಯೂ ಇಲ್ಲ. ಕಾಕಾರಿಗೆ ಇದು ಒಗಟು. "ಕೆಲಸಾನ ಮಾಡವಲ್ದು, ಮತ್ತ ನೂರು ಅಂತ ಯಾಕ ತೋರಸ್ತೈತಿ?"

ಒಳ್ಳೆಯ ಪ್ರಶ್ನೆ. ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಎಂಟು ಮಿಲಿಸೆಕೆಂಡ್ ಚಿಲ್ಲರೆ. ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ನಾಲ್ಕು ಮಿಲಿಸೆಕೆಂಡ್. ಅದಕ್ಕೂ ಮೊದಲು ಸೂಜಿ ಆ ಗೆರೆಗೆ ಸರಿಯಬೇಕು. ಅದಕ್ಕೆ ಎಂಟೊಂಬತ್ತು ಮಿಲಿಸೆಕೆಂಡ್. ಒಟ್ಟು ಹದಿಮೂರು ಅಂದುಕೊಳ್ಳಿ. ಸೆಕೆಂಡಿಗೆ ಎಪ್ಪತ್ತೈದು ಚೂರು ಹುಡುಕಬಹುದು, ಅಷ್ಟೇ. ಒಂದೊಂದು ಚೂರು 4 ಕೆಬಿ ಆದರೆ ಒಟ್ಟು 300 ಕೆಬಿ. ವಿಂಡೋಸ್ ಏಳುವಾಗ ಇಂಥ ಚೂರುಗಳನ್ನು ಸಾವಿರಗಟ್ಟಲೆ ಕೇಳುತ್ತದೆ. ಡಿಸ್ಕ್ ನಿಜಕ್ಕೂ ನೂರಕ್ಕೆ ನೂರು ಓಡಾಡುತ್ತಿದೆ, ಪಾಪ. ಕೆಲಸವೆಲ್ಲ ಓಡಾಟದಲ್ಲೇ ಮುಗಿದುಹೋಗುತ್ತಿದೆ. ಎಸ್‌ಎಸ್‌ಡಿ ಅಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ, ಮಾಹಿತಿಯನ್ನು ಚಿಪ್ಪುಗಳಲ್ಲಿ ಇಡುವ ಡ್ರೈವ್. ಅದರಲ್ಲಿ ತಟ್ಟೆಯೂ ಇಲ್ಲ, ಸೂಜಿಯೂ ಇಲ್ಲ. ಅದೇ ಚೂರು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಸಿಗುತ್ತದೆ. ಹಳೇ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿದರೆ ಹೊಸ ಜೀವ ಬಂದಂತೆ ಅನಿಸುವುದಕ್ಕೆ ಕಾರಣ ಇದು.

ಇಷ್ಟೇ ಆಗಿದ್ದರೆ ಮಳೆಗಾಲದವರೆಗೆ ತಳ್ಳಬಹುದಿತ್ತು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ ನೋಡಿದೆ. ಪುಕ್ಕಟೆ ಸಿಗುವ ಚಿಕ್ಕ ಸಾಫ್ಟ್‌ವೇರ್. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ಲೆಕ್ಕವನ್ನು ತೋರಿಸುತ್ತದೆ. ಹಳದಿ ಬಣ್ಣದಲ್ಲಿ ಎಚ್ಚರಿಕೆ ಬಂತು. 05 ಅನ್ನುವ ಸಾಲು, ಅಂದರೆ ಕೆಟ್ಟಿದ್ದಕ್ಕೆ ಬದಲಿ ಕೊಟ್ಟ ಜಾಗಗಳು, ನೂರು ದಾಟಿತ್ತು. ಸಿ5 ಅನ್ನುವ ಸಾಲು, ಅಂದರೆ ಓದಲು ಬಾರದೆ ತೀರ್ಮಾನಕ್ಕೆ ಕಾಯುತ್ತಿರುವ ಜಾಗಗಳು, 24. ಈ ಎರಡನೆಯದು ಸೊನ್ನೆ ಇರಬೇಕು. ವೈರಸ್ಸು ಸುಮ್ನೆ ಹೆಸರು ಕೆಡಿಸಿಕೊಂಡಿತ್ತು. ಡಿಸ್ಕ್ ಸಾಯುತ್ತಿತ್ತು.

ಲಗ್ನದ ಸೀಸನ್ನು, ಜೊತೆಗೆ ಲೋಕಸಭೆ ಚುನಾವಣೆ. ಡಿಸ್ಕಿನಲ್ಲಿ ಹನ್ನೊಂದು ವರ್ಷದ ಲಗ್ನಪತ್ರಿಕೆಗಳ ಫೈಲು. ಅಣ್ಣನ ಮದುವೆಗೆ ಮಾಡಿಸಿದ ಕಾರ್ಡನ್ನೇ ತಮ್ಮನ ಮದುವೆಗೂ ಕೇಳುವ ಜನ ಇದ್ದಾರೆ. ಅದನ್ನು ಕಳಕೊಂಡರೆ ಗಿರಾಕಿಯನ್ನೂ ಕಳಕೊಂಡ ಹಾಗೆ.

ಕಾಕಾರ ಅನುಮಾನ

"ಎಸ್‌ಎಸ್‌ಡಿ ಹಾಕೋಣ" ಅಂದ ಕೂಡಲೇ ಕಾಕಾ ಮುಖ ಗಂಟಿಕ್ಕಿಕೊಂಡರು. ಮೇಜಿನ ಡ್ರಾ ಎಳೆದು ಒಂದು ಕರಿ ಡಬ್ಬಿ ತೆಗೆದರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಮೇಲೆ "2 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ" ಅಂತ ಅಚ್ಚು. ಹಿಂದಿನ ವರ್ಷ ಆನ್‌ಲೈನಿನಲ್ಲಿ ಸಾವಿರದ ನಾನೂರಕ್ಕೆ ಸಿಕ್ಕಿತ್ತಂತೆ. ಬ್ಯಾಕಪ್‌ಗೆ ಅಂತ ಕಾಕಾರ ಮಗ ತರಿಸಿದ್ದ. ಫೈಲು ತುಂಬಿದರು. ಕಂಪ್ಯೂಟರಿನಲ್ಲಿ ಎಲ್ಲ ಹೆಸರೂ ಕಾಣುತ್ತಿತ್ತು. ತೆರೆಯಲು ಹೋದರೆ ಹೊಸವು ಮಾತ್ರ ತೆರೆಯುತ್ತಿದ್ದವು, ಹಳೆಯವೆಲ್ಲ ಕಸ.

ಇದು ಊರೂರಲ್ಲೂ ನಡೆದಿರುವ ಮೋಸ. ಡಬ್ಬಿಯ ಒಳಗೆ ಇರುವುದು ಫೋನಿಗೆ ಹಾಕುವ ಮೆಮೊರಿ ಕಾರ್ಡು. ಅದರ ಜೊತೆಗಿನ ಚಿಪ್ಪಿಗೆ "ನಾನು 2 ಟಿಬಿ" ಅಂತ ಸುಳ್ಳು ಹೇಳಲು ಕಲಿಸಿರುತ್ತಾರೆ. ನಿಜವಾದ ಜಾಗ ಮುಗಿದ ಮೇಲೆ ಹೊಸದನ್ನು ಹಳೆಯದರ ಮೇಲೇ ಬರೆಯುತ್ತದೆ. ಹೆಸರಿನ ಪಟ್ಟಿ ಹಾಗೇ ಉಳಿಯುವುದರಿಂದ ಗೊತ್ತೇ ಆಗುವುದಿಲ್ಲ. ನಾನು ಆ ಡಬ್ಬಿಯನ್ನು ಮನೆಗೆ ತಂದು ಎಚ್‌ಟು ಟೆಸ್ಟ್ ಡಬ್ಲ್ಯು ಓಡಿಸಿದೆ. ಅದು ಡ್ರೈವ್ ತುಂಬ ಬರೆದು, ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುತ್ತದೆ. 2 ಟಿಬಿಯಲ್ಲಿ ನಿಜವಾಗಿ ಇದ್ದದ್ದು 60 ಜಿಬಿಗೂ ಕಡಿಮೆ. ಅರ್ಧ ರಾತ್ರಿಗೇ ನಿಲ್ಲಿಸಿಬಿಟ್ಟೆ. ಇನ್ನೇನು ನೋಡುವುದು?

ಕಾಕಾರಿಗೆ ಇದರಿಂದ ಸಿಟ್ಟು ಇಳಿಯಲಿಲ್ಲ. ಆದರೆ ಒಂದು ಮಾತು ಒಪ್ಪಿದರು. ಮೋಸ ಹೋದದ್ದು ಸಾವಿರದ ನಾನೂರಕ್ಕೆ 2 ಟಿಬಿ ಸಿಗುತ್ತದೆ ಅಂತ ನಂಬಿದ್ದರಿಂದ. "ಆತು, ಆರು ಸಾವಿರದೊಳಗ ಎಲ್ಲಾ ಮುಗಿಬೇಕು. ಮ್ಯಾಲ ಒಂದು ರೂಪಾಯಿ ಕೊಡಂಗಿಲ್ಲ" ಅಂದರು.

ಕೊಳ್ಳುವ ಮೊದಲು ಅಳೆದದ್ದು

ಇಲ್ಲಿ ನಾನು ಒಂದು ವಾರ ತಡೆದೆ. ಫೈಲುಗಳನ್ನೆಲ್ಲ ಮೊದಲು ನನ್ನ ಹತ್ತಿರ ಇದ್ದ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡೆ. ಹದಿನಾಲ್ಕು ಫೈಲು ಓದಲು ಬರಲಿಲ್ಲ, ಉಳಿದದ್ದು ಬಂತು. ಆಮೇಲೆ ವಿಂಡೋಸ್‌ನಲ್ಲೇ ಇರುವ ಪರ್ಫಾರ್ಮೆನ್ಸ್ ಮಾನಿಟರ್ ಹಚ್ಚಿ, ದಿನಕ್ಕೆ ಎಷ್ಟು ಬರಹ ಆಗುತ್ತದೆ ಅಂತ ಸೋಮವಾರದಿಂದ ಶನಿವಾರದವರೆಗೆ ಲೆಕ್ಕ ಹಿಡಿದೆ.

ದಿನಕ್ಕೆ ಸರಾಸರಿ 15 ಜಿಬಿ ಬಂತು. ಲಗ್ನಪತ್ರಿಕೆ ಮಾಡುವ ಅಂಗಡಿಗೆ ಇಷ್ಟು ಯಾಕೆ ಅಂತ ನನಗೂ ಅಚ್ಚರಿ. ಬಿಡಿಸಿ ನೋಡಿದರೆ ದೊಡ್ಡ ಪಾಲು ರ್ಯಾಮ್ ಸಾಲದೆ ಡಿಸ್ಕಿಗೆ ಎತ್ತಿಹಾಕುತ್ತಿದ್ದದ್ದು. ಬ್ರೌಸರಿನಲ್ಲಿ ಹತ್ತು ಟ್ಯಾಬು, ಪಕ್ಕದಲ್ಲಿ ಕೋರೆಲ್, ಫೋಟೊಶಾಪ್. 4 ಜಿಬಿ ಎಲ್ಲಿ ಸಾಕಾಗುತ್ತದೆ? ಉಳಿದದ್ದು ಪ್ರಿಂಟಿಗೆ ಕಳಿಸಿದ ಫೋಟೊಗಳ ತಾತ್ಕಾಲಿಕ ಫೈಲು, ವಿಂಡೋಸ್ ಅಪ್‌ಡೇಟು. ಕೈಯಾರೆ ಉಳಿಸಿದ ಫೈಲು ದಿನಕ್ಕೆ 1 ಜಿಬಿಯೂ ಇರಲಿಲ್ಲ.

ಈ 15 ಜಿಬಿ ನಮ್ಮ ಕೈಗೆ ಸಿಕ್ಕ ಮುಖ್ಯ ಅಂಕಿ. ಎಸ್‌ಎಸ್‌ಡಿಯ ಕೋಶಗಳು ಅಳಿಸಿ ಬರೆದಷ್ಟೂ ಸವೆಯುತ್ತವೆ. ಆದ್ದರಿಂದ ಕಂಪನಿಗಳು ಇಷ್ಟು ಟೆರಾಬೈಟ್ ಬರೆಯುವವರೆಗೆ ಗ್ಯಾರಂಟಿ ಅಂತ ಒಂದು ಮಿತಿ ಹಾಕುತ್ತವೆ. ಅದೇ ಟಿಬಿಡಬ್ಲ್ಯು. ಕ್ರೂಶಿಯಲ್ ಬಿಎಕ್ಸ್500ರ 500 ಜಿಬಿ ಮಾದರಿಗೆ ಅದು 120 ಟಿಬಿ, ಮೂರು ವರ್ಷ. ಅದೇ ಕಂಪನಿಯ ಎಂಎಕ್ಸ್500ಕ್ಕೆ 180 ಟಿಬಿ, ಐದು ವರ್ಷ. ಸ್ಯಾಮ್‌ಸಂಗ್ 870 ಇವೊಗೆ 300 ಟಿಬಿ, ಐದು ವರ್ಷ. ಕಿಂಗ್‌ಸ್ಟನ್ ಎ400ರ 480 ಜಿಬಿಗೆ 160 ಟಿಬಿ, ಮೂರು ವರ್ಷ. ವರ್ಷ ಮತ್ತು ಟಿಬಿ, ಎರಡರಲ್ಲಿ ಯಾವುದು ಮೊದಲು ಮುಗಿದರೂ ಗ್ಯಾರಂಟಿ ಮುಗಿದಂತೆ.

ದಿನಕ್ಕೆ 15 ಜಿಬಿ, ವರ್ಷಕ್ಕೆ ಮುನ್ನೂರು ದಿನ ಅಂಗಡಿ. ವರ್ಷಕ್ಕೆ 4.5 ಟಿಬಿ ಆಯಿತು. 120 ಟಿಬಿ ಮುಗಿಯಲು ಇಪ್ಪತ್ತಾರು ವರ್ಷ ಬೇಕು. ಅಷ್ಟರಲ್ಲಿ ಈ ಮದರ್‌ಬೋರ್ಡು ಗುಜರಿಗೆ ಹೋಗಿ ಎಷ್ಟು ವರ್ಷವಾಗಿರುತ್ತದೋ. ಹಾಗಾದರೆ 300 ಟಿಬಿ ಅನ್ನುವ ಅಂಕಿಗೆ ಕಾಕಾ ಜಾಸ್ತಿ ದುಡ್ಡು ಯಾಕೆ ಕೊಡಬೇಕು? ಎಸ್‌ಎಸ್‌ಡಿ ಸವೆದು ಹೋಗುತ್ತದೆ ಅನ್ನುವ ಭಯ ತುಂಬ ಜನರಿಗೆ ಇದೆ. ಇಂಥ ಅಂಗಡಿಯಲ್ಲಿ ಅದು ಸವೆದು ಸಾಯುವುದಿಲ್ಲ. ಸತ್ತರೆ ಬೇರೆ ಕಾರಣಕ್ಕೆ: ಕಳಪೆ ಕಂಟ್ರೋಲರು (ಡ್ರೈವನ್ನು ನಡೆಸುವ ಚಿಪ್ಪು), ದಿಢೀರನೆ ಹೋಗುವ ಕರೆಂಟು.

ಅಂಗಡಿಯ ಕೌಂಟರಿನ ಮುಂದೆ

ಕೊಪ್ಪಳದಲ್ಲೇ ಕೊಳ್ಳುವುದು ಅಂತ ಮೊದಲೇ ತೀರ್ಮಾನಿಸಿದ್ದೆವು. ಹುಬ್ಬಳ್ಳಿಗೆ ಹೋದರೆ ಇನ್ನೂರು ರೂಪಾಯಿ ಉಳಿಯಬಹುದು. ರಾಯಚೂರಿನ ಕಡೆಯವರು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ತರುತ್ತಾರೆ. ಆದರೆ ಕೆಟ್ಟಾಗ ಮತ್ತೆ ಅಲ್ಲಿಗೇ ಹೋಗಬೇಕು. ಬಸ್ ಚಾರ್ಜಿನಲ್ಲೇ ಉಳಿತಾಯ ಕರಗುತ್ತದೆ.

ಅಂಗಡಿಯವರು ಮೊದಲು ತೋರಿಸಿದ್ದು ನಾನು ಹೆಸರೇ ಕೇಳಿರದ ಕಂಪನಿಯ 512 ಜಿಬಿ. ಎರಡು ಸಾವಿರ, ಒಂದು ವರ್ಷ ಗ್ಯಾರಂಟಿ. "ಇದೂ 550 ಎಂಬಿ ಸ್ಪೀಡೇ ಸರ್, ನೋಡ್ರಿ" ಅಂತ ಡಬ್ಬಿಯ ಮೇಲಿನ ಅಂಕಿ ತೋರಿಸಿದರು. ಕಾಕಾರ ಕಣ್ಣು ನನ್ನ ಕಡೆ ತಿರುಗಿತು. ಮೂರು ಸಾವಿರದ್ದೂ 550, ಐದು ಸಾವಿರದ್ದೂ 550, ಇದೂ 550.

ಆ ಅಂಕಿ ಎಲ್ಲದರ ಮೇಲೂ ಹೆಚ್ಚುಕಡಿಮೆ ಒಂದೇ ಇರಲು ಕಾರಣ ಇದೆ. ಸಾಟಾ ಅನ್ನುವ ತಂತಿಯ ದಾರಿಯೇ ಸೆಕೆಂಡಿಗೆ 6 ಗಿಗಾಬಿಟ್. ಅದರಲ್ಲಿ ಕೈಗೆ ಸಿಗುವುದು ಸುಮಾರು 550 ಎಂಬಿ. ಗೇಟು ಅಷ್ಟೇ ಅಗಲ ಇದ್ದರೆ ಎತ್ತಿನ ಗಾಡಿಯೂ ಒಂದೇ ಸಾಲು, ಲಾರಿಯೂ ಒಂದೇ ಸಾಲು. ಹಾಗಾಗಿ ಸಾಟಾ ಎಸ್‌ಎಸ್‌ಡಿ ಆರಿಸುವಾಗ ಡಬ್ಬಿಯ ಮೇಲಿನ ದೊಡ್ಡ ಅಂಕಿಯನ್ನು ನೋಡಲೇಬೇಡಿ. ಸಣ್ಣಕ್ಷರದಲ್ಲಿ ಇರುವುದನ್ನು ಓದಿ. ಎಷ್ಟು ವರ್ಷ, ಎಷ್ಟು ಟಿಬಿಡಬ್ಲ್ಯು, ಗ್ಯಾರಂಟಿ ಯಾರು ಕೊಡುತ್ತಾರೆ. ಆ ಎರಡು ಸಾವಿರದ ಡಬ್ಬಿಯ ಮೇಲೆ ಟಿಬಿಡಬ್ಲ್ಯು ಅನ್ನುವ ಮಾತೇ ಇರಲಿಲ್ಲ. ಕಂಪನಿಯ ವಿಳಾಸ ಹುಡುಕಿದರೆ ಒಂದು ಮೊಬೈಲ್ ನಂಬರು. ನನಗೆ ಅಷ್ಟೇ ಸಾಕಾಯಿತು.

ಕಾಕಾರ ಮಗ ಎನ್‌ವಿಎಂಇ, ಅಂದರೆ ಸಾಟಾ ತಂತಿಯಿಲ್ಲದೆ ನೇರ ಬೋರ್ಡಿನ ಕಿಂಡಿಗೆ ಕೂರಿಸುವ ಎಸ್‌ಎಸ್‌ಡಿ, ಹಾಕಿಸೋಣ ಅಂತ ಹಟ ಹಿಡಿದಿದ್ದ. ಸಾಟಾಕ್ಕಿಂತ ಎಷ್ಟೋ ಪಟ್ಟು ವೇಗ, ಬೆಲೆಯೂ ಹತ್ತಿರ ಹತ್ತಿರ. ಆದರೆ ನಮ್ಮ ಬೋರ್ಡಿನಲ್ಲಿ ಅದು ಕೂರುವ ಎಂ.2 ಕಿಂಡಿಯೇ ಇಲ್ಲ. ಇದ್ದವರೂ ಹುಷಾರಾಗಿರಬೇಕು. ಒಂದೇ ಆಕಾರದ ಕಿಂಡಿಯಲ್ಲಿ ಸಾಟಾ ಮಾತ್ರ ಒಪ್ಪುವವೂ ಇವೆ, ಎನ್‌ವಿಎಂಇ ಮಾತ್ರ ಒಪ್ಪುವವೂ ಇವೆ. ಬೋರ್ಡಿನ ಪುಸ್ತಕ ನೋಡದೆ ಕೊಂಡರೆ ಕೂರುತ್ತದೆ, ಆದರೆ ಕಾಣುವುದಿಲ್ಲ.

ಕೊನೆಗೆ ಉಳಿದದ್ದು ಎರಡು. ಬಿಎಕ್ಸ್500 ಮೂರು ಸಾವಿರದ ಮುನ್ನೂರು. ಎಂಎಕ್ಸ್500 ಅದಕ್ಕಿಂತ ಸಾವಿರ ಹೆಚ್ಚು.

ಆ ಸಾವಿರ ಎಲ್ಲಿ ಹಾಕಬೇಕು

ಬಳ್ಳಾರಿಯ ಜೀನ್ಸ್ ಯೂನಿಟ್ಟೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಗೆಳೆಯನಿಗೆ ಫೋನ್ ಮಾಡಿದೆ. ಅವನು ಒಂದೇ ಮಾತಿಗೆ ಎಂಎಕ್ಸ್ ಅಂದ. "ಡಿ-ರ್ಯಾಮ್ ಇರಲಾರದ್ದು ತಗೊಂಡು ಯಾಕ ತಲಿನೋವು ಮಾಡ್ಕೊಂತಿಯೋ ಮಾರಾಯ."

ಅವನ ಮಾತಿನಲ್ಲಿ ಹುರುಳಿದೆ. ಎಸ್‌ಎಸ್‌ಡಿಯ ಒಳಗೆ ಯಾವ ಫೈಲಿನ ಚೂರು ಯಾವ ಕೋಶದಲ್ಲಿದೆ ಅನ್ನುವ ಒಂದು ನಕ್ಷೆ ಇರುತ್ತದೆ. ಸಾವಿರ ಬೈಟಿಗೆ ಒಂದು ಬೈಟ್ ಲೆಕ್ಕದಲ್ಲಿ 500 ಜಿಬಿಗೆ ಸುಮಾರು 500 ಎಂಬಿ ನಕ್ಷೆ. ದುಬಾರಿ ಡ್ರೈವಿನಲ್ಲಿ ಅದನ್ನು ಇಟ್ಟುಕೊಳ್ಳಲು ಪ್ರತ್ಯೇಕ ಡಿ-ರ್ಯಾಮ್ ಚಿಪ್ಪು ಇರುತ್ತದೆ. ಅಗ್ಗದ್ದರಲ್ಲಿ ಇರುವುದಿಲ್ಲ, ನಕ್ಷೆಯ ತುಣುಕುಗಳನ್ನು ನಿಧಾನದ ಕೋಶಗಳಿಂದಲೇ ಆಗಾಗ ಎತ್ತಿಕೊಳ್ಳಬೇಕು. ಎನ್‌ವಿಎಂಇ ಆದರೆ ಕಂಪ್ಯೂಟರಿನ ರ್ಯಾಮಿನಲ್ಲಿ ಸ್ವಲ್ಪ ಜಾಗ ಎರವಲು ಕೇಳಬಹುದು. ಸಾಟಾಕ್ಕೆ ಆ ಸೌಕರ್ಯವಿಲ್ಲ.

ಇನ್ನೊಂದು ಕೊರತೆಯೂ ಇದೆ. ಈಗಿನ ಡ್ರೈವುಗಳಲ್ಲಿ ಒಂದು ಕೋಶದಲ್ಲಿ ಮೂರು ಬಿಟ್ ಅಥವಾ ನಾಲ್ಕು ಬಿಟ್ ತುರುಕುತ್ತಾರೆ. ಮೂರಾದರೆ ಟಿಎಲ್‌ಸಿ, ನಾಲ್ಕಾದರೆ ಕ್ಯೂಎಲ್‌ಸಿ. ತುರುಕಿದಷ್ಟೂ ಬರೆಯುವುದು ನಿಧಾನ. ಅದನ್ನು ಮರೆಮಾಡಲು ಒಂದಷ್ಟು ಕೋಶಗಳಲ್ಲಿ ಮೊದಲು ಒಂದೊಂದೇ ಬಿಟ್ ಬರೆದು, ಬಿಡುವಾದಾಗ ಒತ್ತಿ ಜೋಡಿಸುತ್ತವೆ. ಹೊಲದಿಂದ ಬಂದ ಚೀಲಗಳನ್ನು ಮೊದಲು ಕಟ್ಟೆಯ ಮೇಲೆ ಇಳಿಸಿ ಆಮೇಲೆ ಒಳಗೆ ಒಟ್ಟುವ ಹಾಗೆ. ಕಟ್ಟೆ ತುಂಬುವವರೆಗೆ ವೇಗ. ತುಂಬಿದ ಮೇಲೆ ಅಗ್ಗದ ಡ್ರೈವು ಕುಸಿಯುತ್ತದೆ. ಡ್ರೈವ್ ತುಂಬಿಕೊಂಡಷ್ಟೂ ಕಟ್ಟೆ ಚಿಕ್ಕದಾಗುತ್ತದೆ.

ಗೆಳೆಯನ ಯೂನಿಟ್ಟಿನಲ್ಲಿ ಇದು ದಿನದ ಕಷ್ಟ ಇರಬಹುದು. ನಮ್ಮ ಓಣಿಯ ಫೋಟೊ ಸ್ಟುಡಿಯೊಗೂ ಹೌದು. ಲಗ್ನದ ವಿಡಿಯೊ ಒಂದೇ ಸಲ ನೂರಾರು ಜಿಬಿ ಇಳಿಸುತ್ತಾರೆ. ಅವರು ಕೇಳಿದರೆ ಕಣ್ಣುಮುಚ್ಚಿ ಡಿ-ರ್ಯಾಮ್ ಇರುವುದನ್ನೇ ಹೇಳುತ್ತೇನೆ. ಕಾಕಾರು ಒಂದೇ ಸಲ ಬರೆಯುವ ದೊಡ್ಡ ಫೈಲು 200 ಎಂಬಿ. ಕಟ್ಟೆ ತುಂಬುವ ಮಾತೇ ಇಲ್ಲ.

ನನ್ನ ಕಣ್ಣು ಬೇರೆ ಕಡೆ ಇತ್ತು. ಮೇಜಿನ ಕೆಳಗೆ ಒಂದು 600 ವಿಎ ಯುಪಿಎಸ್. ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು. ಕರೆಂಟು ಹೋದರೆ ಒಂದು ಸಲ ಕಿರ್ ಅಂದು ಅದೂ ಹೋಗುತ್ತಿತ್ತು. ಬೇಸಿಗೆಯಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಹೀಗೆ. ಎಸ್‌ಎಸ್‌ಡಿಗೆ ತಿರುಗುವ ತಟ್ಟೆ ಇಲ್ಲ, ಹಾಗಾಗಿ ಕರೆಂಟು ಹೋದರೂ ಚಿಂತೆಯಿಲ್ಲ ಅಂತ ಕೆಲವರು ಹೇಳುತ್ತಾರೆ. ಅದು ತಪ್ಪು. ನಕ್ಷೆ ಬರೆಯುತ್ತಿರುವ ಹೊತ್ತಿನಲ್ಲೇ ಕರೆಂಟು ಹೋದರೆ ನಕ್ಷೆಯೇ ಕೆಡಬಹುದು. ಆಗ ಇಡೀ ಡ್ರೈವ್ ಕಂಪ್ಯೂಟರಿಗೆ ಕಾಣುವುದೇ ನಿಲ್ಲಬಹುದು. ಎಂಎಕ್ಸ್500ರಲ್ಲಿ ಈಗಾಗಲೇ ಬರೆದಿಟ್ಟದ್ದನ್ನು ಕಾಪಾಡುವ ಏರ್ಪಾಡು ಇದೆ. ಬರೆಯುತ್ತಿರುವುದಕ್ಕೆ ಅದೂ ಹೊಣೆಯಲ್ಲ. ಕರೆಂಟೇ ಹೋಗದಂತೆ ನೋಡಿಕೊಂಡರೆ?

ಆ ಸಾವಿರವನ್ನು ಯುಪಿಎಸ್ಸಿಗೆ ಹಾಕಿದೆವು. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ, ಒಂಬೈನೂರೈವತ್ತು. ಬಿಎಕ್ಸ್500, ಮೂರು ಸಾವಿರದ ಮುನ್ನೂರು. ಇದ್ದದ್ದರ ಜೊತೆಗೆ ಹಾಕಲು ಇನ್ನೊಂದು ಸೆಕೆಂಡ್‌ಹ್ಯಾಂಡ್ 4 ಜಿಬಿ ಡಿಡಿಆರ್3 ರ್ಯಾಮ್, ಏಳುನೂರು. ಡ್ರೈವ್ ಕೂರಿಸುವ ತಗಡಿನ ಪಟ್ಟಿ, ನೂರು. ಗೆಳೆಯ ಇಂದಿಗೂ ಒಪ್ಪಿಲ್ಲ. ಅವನ ಪ್ರಕಾರ ನಾನು ಜಿಪುಣ.

240 ಜಿಬಿಯದೇ ಸಾಕಾಗುವುದಿಲ್ಲವಾ ಅಂತ ಕಾಕಾ ಕೊನೆಯ ಕ್ಷಣದಲ್ಲಿ ಎಳೆದರು. ವಿಂಡೋಸು, ಸಾಫ್ಟ್‌ವೇರು 80 ಜಿಬಿ. ಹಳೇ ಫೈಲು ಸೇರಿ ಒಟ್ಟು 310. 240ರಲ್ಲಿ ಹಿಡಿಯುವುದೇ ಇಲ್ಲ. ಹಿಡಿಸಿದರೂ ಕಂಠಪೂರ್ತಿ ತುಂಬಿದ ಎಸ್‌ಎಸ್‌ಡಿ ಕುಂಟುತ್ತದೆ. ಐದರಲ್ಲಿ ಒಂದು ಪಾಲು ಖಾಲಿ ಬಿಡುವುದು ಒಳ್ಳೆಯದು.

ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡೆ. ಡಬ್ಬಿಯ ಸೀಲು, ಡಬ್ಬಿಯ ನಂಬರು, ಡ್ರೈವಿನ ಮೇಲಿನ ನಂಬರು ಮೂರನ್ನೂ ಅಲ್ಲೇ ತಾಳೆ ನೋಡಿದೆ. ಅಂಗಡಿಯವರಿಗೆ ಸ್ವಲ್ಪ ಕಿರಿಕಿರಿಯಾಯಿತು. ಆಗಲಿ.

ಹಾಕಿದ ದಿನ, ಮತ್ತು ಆಮೇಲಿನ ವಾರ

ಮನೆಗೆ ತಂದು ಮೊದಲು ಎಚ್‌ಟು ಟೆಸ್ಟ್ ಡಬ್ಲ್ಯು. ಪೂರ್ತಿ ತುಂಬಿಸಿ, ಪೂರ್ತಿ ಓದಿಸಿದೆ. 120 ಟಿಬಿಯಲ್ಲಿ ಅರ್ಧ ಟಿಬಿ ಖರ್ಚು, ಮನಸ್ಸಿಗೆ ಸಮಾಧಾನ. ಒಂದೂ ತಪ್ಪಿಲ್ಲ. ಮೊದಮೊದಲು ದಡದಡ ಬರೆದದ್ದು ಕಟ್ಟೆ ತುಂಬಿದ ಮೇಲೆ ಹೇಗೆ ಮಂದವಾಯಿತು ಅನ್ನುವುದನ್ನೂ ಕಣ್ಣಾರೆ ಕಂಡೆ.

ಕಾಕಾರ ಮಗ ಹೇಳಿದ ಮೇಲೆ ಕಾಕಾ ಇನ್ನೊಂದು ತಕರಾರು ತೆಗೆದರು. "ಐನೂರು ಅಂತ ರೊಕ್ಕ ಕೊಟ್ಟೀವಿ, 465 ತೋರಸ್ತೈತಿ. ಇದೂ ಆ ಕರಿ ಡಬ್ಬಿ ಕತಿನಾ?" ಇದು ಮೋಸವಲ್ಲ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಐವತ್ತು ಸಾವಿರ ಕೋಟಿ ಬೈಟನ್ನು 1024ರಿಂದ ಮೂರು ಸಲ ಭಾಗಿಸಿದರೆ 465 ಬರುತ್ತದೆ. ಕಾಕಾ ಕ್ಯಾಲ್ಕುಲೇಟರ್ ತೆಗೆದು ತಾವೇ ಭಾಗಿಸಿ ನೋಡಿದರು. ಆಮೇಲೆ ಸುಮ್ಮನಾದರು.

ಹಳೇ ಡಿಸ್ಕನ್ನು ಕ್ಲೋನ್, ಅಂದರೆ ಇದ್ದದ್ದು ಇದ್ದಂತೆ ನಕಲು, ಮಾಡಲಿಲ್ಲ. ಕೆಟ್ಟ ಜಾಗ ಇರುವ ಡಿಸ್ಕನ್ನು ಕ್ಲೋನ್ ಮಾಡಲು ಹೋದರೆ ಅರ್ಧದಲ್ಲಿ ನಿಲ್ಲುತ್ತದೆ, ಇಲ್ಲ ಕಸವನ್ನೂ ಹೊತ್ತು ತರುತ್ತದೆ. ಬಯಾಸ್‌ನಲ್ಲಿ, ಅಂದರೆ ಬೋರ್ಡಿನ ಮೂಲ ಸೆಟ್ಟಿಂಗಿನಲ್ಲಿ, ಡ್ರೈವಿನ ಜೊತೆ ಮಾತಾಡುವ ಹಳೇ ವಿಧಾನ ಐಡಿಇ ಅಂತ ಇದ್ದದ್ದನ್ನು ಹೊಸ ವಿಧಾನ ಎಎಚ್‌ಸಿಐ ಮಾಡಿ, ವಿಂಡೋಸ್ ಹೊಸದಾಗಿ ಹಾಕಿದೆ. ನಿಜವಾದ ಕೆಲಸ ಹಿಡಿದದ್ದು ಅದಾದ ಮೇಲೆ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳು, ಅವುಗಳ ಹಳೇ ಫಾಂಟುಗಳು. ಹನ್ನೊಂದು ವರ್ಷದ ಕಾರ್ಡುಗಳೆಲ್ಲ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಇವೆ. ಒಂದು ಫಾಂಟು ತಪ್ಪಿದರೂ "ಶ್ರೀ ಗವಿಸಿದ್ಧೇಶ್ವರ ಪ್ರಸನ್ನ" ಅನ್ನುವ ಜಾಗದಲ್ಲಿ ಇಂಗ್ಲಿಷಿನ ಚಿತ್ತಾರ ಬರುತ್ತದೆ. ಹಳೇ ಫಾಂಟ್ ಫೋಲ್ಡರನ್ನು ಮೊದಲೇ ತೆಗೆದಿಟ್ಟಿದ್ದು ಒಳ್ಳೆಯದಾಯಿತು. ಪ್ರಿಂಟರ್ ಡ್ರೈವರು, ಸ್ಕ್ಯಾನರು ಎಲ್ಲ ಸೇರಿ ಒಂದು ಭಾನುವಾರ ಪೂರ್ತಿ ಹೋಯಿತು.

ನನ್ನದೂ ಒಂದು ತಪ್ಪು. ಎಚ್81 ಬೋರ್ಡಿನಲ್ಲಿ ನಾಲ್ಕು ಸಾಟಾ ಪೋರ್ಟ್ ಇರುತ್ತವೆ. ಎರಡು 6 ಗಿಗಾಬಿಟ್‌ನವು, ಎರಡು ಹಳೇ 3 ಗಿಗಾಬಿಟ್‌ನವು. ಕತ್ತಲಲ್ಲಿ ಕೈಗೆ ಸಿಕ್ಕದ್ದಕ್ಕೆ ಚುಚ್ಚಿದ್ದೆ. ಅಳೆದರೆ 270 ಎಂಬಿ. ಬೇರೆ ಪೋರ್ಟಿಗೆ ಹಾಕಿದ ಮೇಲೆ 530 ದಾಟಿತು. ನಿಜ ಹೇಳಬೇಕೆಂದರೆ ಕೋರೆಲ್ ತೆರೆಯುವ ಹೊತ್ತಿನಲ್ಲಿ ಫರಕು ಕಾಣಲಿಲ್ಲ. ಚೂರು ಹುಡುಕುವ ಕೆಲಸಕ್ಕೆ ಹಳೇ ದಾರಿಯೂ ಸಾಕು.

ಬುಧವಾರ ಮತ್ತೆ ಫೋನು. "ನಡುವ ನಡುವ ಎರಡು ನಿಮಿಷ ನಿಂತು ಬಿಡ್ತೈತೋ." ಎದೆ ಧಸಕ್ಕೆಂದಿತು. ಗೆಳೆಯನ ಮಾತು ಕಿವಿಯಲ್ಲಿ. ಹೋಗಿ ನೋಡಿದರೆ ಡ್ರೈವಿನ ಆರೋಗ್ಯ ನೂರಕ್ಕೆ ನೂರು. ಆದರೆ ಸಿ7 ಅನ್ನುವ ಸಾಲಿನ ಅಂಕಿ ಏರುತ್ತಿತ್ತು. ಅದು ತಂತಿಯಲ್ಲಿ ಹೋಗುವಾಗ ಕೆಟ್ಟ ಮಾಹಿತಿಯ ಲೆಕ್ಕ. ಹತ್ತು ವರ್ಷ ಹಳೆಯ ಸಾಟಾ ಕೇಬಲ್, ಕೊಕ್ಕೆ ಮುರಿದಿತ್ತು. ಎಂಬತ್ತು ರೂಪಾಯಿಯ ಹೊಸ ಕೇಬಲ್ ಹಾಕಿದೆ. ಅಂಕಿ ಅಲ್ಲೇ ನಿಂತಿತು. ಇದೇ ಲಕ್ಷಣ ನೋಡಿ ಎಷ್ಟು ಜನ ಒಳ್ಳೆಯ ಡ್ರೈವನ್ನು ವಾಪಸ್ ಮಾಡಿರಬಹುದು ಅಂತ ಅನಿಸಿತು.

ಒಟ್ಟು ಖರ್ಚು ಐದು ಸಾವಿರದ ನೂರ ಮೂವತ್ತು. ಕಂಪ್ಯೂಟರು ಏಳುವುದು ಇಪ್ಪತ್ತೈದು ಸೆಕೆಂಡಿನಲ್ಲಿ. ಬ್ಯಾಕಪ್‌ಗೆ ನನ್ನ ಹಾರ್ಡ್ ಡಿಸ್ಕನ್ನೇ ಬಿಟ್ಟು ಬಂದೆ. ಜೂನಿನಲ್ಲಿ ಕಾಕಾ ಸ್ವಂತದ್ದೊಂದು 1 ಟಿಬಿ ಹಾರ್ಡ್ ಡಿಸ್ಕ್ ತಂದರು. ಇದಕ್ಕೆ ಎಸ್‌ಎಸ್‌ಡಿ ಬೇಡ ಅಂದೆ. ಕೋಶದೊಳಗಿನ ಚಾರ್ಜು ಕರೆಂಟಿಲ್ಲದೆ ತಿಂಗಳುಗಟ್ಟಲೆ ಕೂತರೆ ನಿಧಾನಕ್ಕೆ ಸೋರುತ್ತದೆ, ಸೆಕೆಗೆ ಬೇಗ ಸೋರುತ್ತದೆ. ತಗಡಿನ ಕೆಳಗಿನ ಡ್ರಾದಲ್ಲಿ ಇಡುವ ವಸ್ತುವಿಗೆ ಹಳೇ ತಟ್ಟೆಯೇ ವಾಸಿ. ಇನ್ನೊಂದು ಕಾರಣವನ್ನೂ ಹೇಳಿ ಹೆದರಿಸಿದೆ. ಹಾರ್ಡ್ ಡಿಸ್ಕ್ ಸಾಯುವ ಮೊದಲು ಎಷ್ಟೋ ಸಲ ಟಕಟಕ ಸದ್ದು ಮಾಡಿ ಹೇಳುತ್ತದೆ. ಎಸ್‌ಎಸ್‌ಡಿ ರಾತ್ರಿ ಚೆನ್ನಾಗಿದ್ದು ಬೆಳಿಗ್ಗೆ ಇಲ್ಲ ಅನ್ನಬಹುದು. ಅಳಿಸಿದ ಫೈಲುಗಳ ಜಾಗವನ್ನು ಟ್ರಿಮ್ ಅನ್ನುವ ಏರ್ಪಾಡು ಖಾಲಿ ಮಾಡಿಬಿಡುವುದರಿಂದ, ಆಮೇಲೆ ಹುಡುಕಿ ತೆಗೆಯುವುದೂ ಕಷ್ಟ.

ಇಪ್ಪತ್ತೊಂದು ತಿಂಗಳ ಮೇಲೆ

2025ರ ಡಿಸೆಂಬರಿನಲ್ಲಿ ಮತ್ತೆ ತೆರೆದು ನೋಡಿದೆ. ಒಟ್ಟು ಬರಹ 5.8 ಟಿಬಿ. ರ್ಯಾಮ್ ಹೆಚ್ಚಿಸಿದ್ದರಿಂದ ದಿನದ ಲೆಕ್ಕ 15ರಿಂದ 11 ಜಿಬಿಯ ಹತ್ತಿರಕ್ಕೆ ಇಳಿದಿತ್ತು. ಉಳಿದ ಆಯುಸ್ಸು ನೂರಕ್ಕೆ 97. ಬೇಸಿಗೆಯಲ್ಲಿ ಕ್ಯಾಬಿನೆಟ್ಟಿನೊಳಗೆ 48 ಡಿಗ್ರಿ ಮುಟ್ಟಿತ್ತು. ಕಂಪನಿ 70ರವರೆಗೆ ಒಪ್ಪುತ್ತದೆ. ಯುಪಿಎಸ್ ಬ್ಯಾಟರಿ ಇನ್ನೂ ಹತ್ತು ನಿಮಿಷ ಹಿಡಿಯುತ್ತದೆ, ಮುಂದಿನ ವರ್ಷ ಬದಲಿಸಬೇಕು.

ಎರಡು ಹೊಸ ಸಮಸ್ಯೆ ಬಂದಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ನಾಲ್ಕನೇ ತಲೆಮಾರಿನ ಐ3ಯನ್ನು ವಿಂಡೋಸ್ 11 ಒಪ್ಪುವುದಿಲ್ಲ. ಒಂದು ವರ್ಷದ ಹೆಚ್ಚುವರಿ ಸುರಕ್ಷೆಯ ಅಪ್‌ಡೇಟಿಗೆ ನೋಂದಾಯಿಸಿದ್ದೇನೆ, 2026ರ ಅಕ್ಟೋಬರ್‌ವರೆಗೆ ನಡೆಯುತ್ತದೆ. ಆಮೇಲೆ ಬೋರ್ಡು ಬದಲಿಸಬೇಕು. ಡ್ರೈವು ಅದರಲ್ಲೂ ಕೂರುತ್ತದೆ.

ಎರಡನೆಯದು ಬೆಲೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ರ್ಯಾಮ್, ಎಸ್‌ಎಸ್‌ಡಿ ಎರಡೂ ತುಟ್ಟಿಯಾಗಿವೆ. ಡಿಸೆಂಬರ್ 3ರಂದು ಮೈಕ್ರಾನ್ ಕಂಪನಿ, ಜನರಿಗೆ ಮಾರುವ ಕ್ರೂಶಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಹಳೇ ಸರಕಿನ ಗ್ಯಾರಂಟಿ ಮುಂದುವರಿಯುತ್ತದಂತೆ. ಬಿಲ್ಲನ್ನು ಕ್ಯಾಬಿನೆಟ್ಟಿನ ಒಳಮೈಗೆ ಟೇಪ್ ಹಾಕಿ ಅಂಟಿಸಿದ್ದೆ. ಅಲ್ಲೇ ಇದೆಯಾ ಅಂತ ಒಮ್ಮೆ ನೋಡಿದೆ.

ಕಾಕಾ ಈಗ ಎರಡನೆಯ ಕಂಪ್ಯೂಟರಿಗೂ ಹಾಕಿಸು ಅನ್ನುತ್ತಿದ್ದಾರೆ. ಅದು ಇನ್ನೂ ಹಳೆಯದು, ಎಚ್61 ಬೋರ್ಡು, ಪೋರ್ಟೆಲ್ಲ 3 ಗಿಗಾಬಿಟ್‌ನವು. ಬರೀ ಅರ್ಜಿ ತುಂಬುವ ಕೆಲಸ, ಅದಕ್ಕೆ 240 ಜಿಬಿಯೇ ಧಾರಾಳ. "ಹ್ವಾದ ಸಲದ ರೇಟಿಗೆ ಕೊಡಸ್ತಿಯೇನು?" ಅಂದರು. ಈಗ ಆ ರೇಟು ಎಲ್ಲೂ ಇಲ್ಲ ಕಾಕಾ ಅಂದೆ. ಡ್ರಾ ಎಳೆದು ಆ ಕರಿ ಡಬ್ಬಿಯನ್ನು ಮತ್ತೆ ಮೇಜಿನ ಮೇಲೆ ಇಟ್ಟರು. "ಇದರಾಗ ಅರವತ್ತು ಜಿಬಿ ಐತಿ ಅಂದಿದ್ದಿ. ಅದಕ್ಕ ಇದ ನಡೀತೈತೇನ ನೋಡು."